ಒಂಬತ್ತು ವರ್ಷದ ಕರಾರು

ಶುಕ್ರವಾರ, ಆಗಸ್ಟ್ ೮

ತಮ್ಮಾ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರೆಂದು ತಿಳಿದಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಸುಸ್ತು ಇನ್ನೂ ಹೋಗಿಲ್ಲ, ನೀನು ಕೊಟ್ಟ ಟಾನಿಕ್ ಮಾತ್ರ ತಪ್ಪದೆ ಕುಡಿಯುತ್ತಿದ್ದೇನೆ. ಕುಶಲ ಇಷ್ಟು ಸಾಕು. ಇನ್ನು ಬೈಗುಳ.

ಗಾಜು ಕತ್ತರಿಸುವ ಹೊಸ ಯಂತ್ರಕ್ಕೆ ಸಾಲ ಕೇಳಲು ನಿನ್ನೆ ಬ್ಯಾಂಕಿಗೆ ಹೋಗಿದ್ದೆ. ನೀನು ಬರೆದುಕೊಟ್ಟ ಲೆಕ್ಕವನ್ನು ಮ್ಯಾನೇಜರು ತಿರುವಿ ನೋಡಿ, "ವ್ಯಾಪಾರ ಚೆನ್ನಾಗಿದೆ ಮೇಡಂ, ಲಾಭಾನೇ ಕಾಣ್ತಿಲ್ಲವಲ್ಲ?" ಅಂದರು. ಊರಿಗೆಲ್ಲ ಕನ್ನಡಕ ಮಾರುವ ನನಗೇ ಅದು ಕಂಡಿರಲಿಲ್ಲ! ಅವರೇ ಬೆರಳಿಟ್ಟು ತೋರಿಸಿದರು. ಅಂಗಡಿಯ ನೆಲ, ವೈರಿಂಗು, ಕಣ್ಣು ಪರೀಕ್ಷೆಗೆ ಗೋಡೆಗೇ ಸೇರಿಸಿ ಕಟ್ಟಿಸಿದ ಕತ್ತಲೆ ಕೋಣೆ, ಒಟ್ಟು ಒಂಬತ್ತು ಲಕ್ಷ. ಅಷ್ಟನ್ನೂ ನೀನು ಎರಡೇ ವರ್ಷಕ್ಕೆ ಹಂಚಿ ಖರ್ಚು ಬರೆದಿದ್ದೀಯ.

ನನ್ನ ಕೌಂಟರಿನ ಮೇಲೆ ಕೂತು ಪಾಠ ಹೇಳಿದವನು ನೀನೇ ಅಲ್ಲವೇನೋ? "ಬಾಡಿಗೆ ಜಾಗಕ್ಕೆ ಮಾಡಿಸಿದ್ದನ್ನ ಕಿತ್ಕೊಂಡು ಹೋಗೋಕಾಗಲ್ಲ ಅಕ್ಕಾ. ಕರಾರು ಎಷ್ಟು ವರ್ಷ ಇದೆಯೋ ಅಷ್ಟು ವರ್ಷಕ್ಕೆ ಹಂಚಬೇಕು. ಒಂಬತ್ತು ವರ್ಷ, ವರ್ಷಕ್ಕೆ ಒಂದು ಲಕ್ಷ." ಬರೆಯುವಾಗ ಮಾತ್ರ ನಾಲ್ಕೂವರೆ ಲಕ್ಷ! ನಿನ್ನ ತಲೆಯಲ್ಲಿ ಏನು ತುಂಬಿಕೊಂಡಿತ್ತು? ಸಾಲ ಸಿಗಲಿಲ್ಲ.

ಕಟ್ಟಡದ ಮಾಲೀಕ ಎರಡೇ ವರ್ಷಕ್ಕೆ ನನ್ನನ್ನು ಎಬ್ಬಿಸುವ ಸಂಚು ಮಾಡಿದ್ದಾನೆ, ಅದು ನಿನಗೂ ಗೊತ್ತು ಎಂದುಕೊಂಡು ನೇರ ಅವನ ಮನೆಗೇ ಹೋಗಿ ಕೂಗಾಡಿದೆ. ಪಾಪ, ಅವನು ಕರಾರುಪತ್ರ ತಂದು ಮುಂದಿಟ್ಟ. "ಒಂಬತ್ತು ವರ್ಷ ಆದ್ಮೇಲೂ ನೀವೇ ಇರಿ ಅಂತೀನಲ್ಲಮ್ಮಾ" ಅಂದ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಫೋನು ಮಾಡಿದರೆ ನೀನು, "ಜಾಗ್ರತೆಗೆ ಹಾಗೆ ಹಾಕಿದೆ ಅಕ್ಕಾ" ಅಂತ ಗೊಣಗಿ ಇಟ್ಟುಬಿಟ್ಟೆ. ಅಂಗಡಿ ನಡೆಸುವುದು ನನ್ನ ಕೈಲಾಗುವುದಿಲ್ಲ ಅಂತಲೇ ತಾನೆ ನಿನ್ನ ಲೆಕ್ಕ?

ಹೊಸದಾಗಿ ಬರೆದು ಕಳಿಸು. ನಿನ್ನ ಹೆಂಡತಿಗೂ ಮಗಳಿಗೂ ನನ್ನ ಆಶೀರ್ವಾದ. ಮಗಳ ಕನ್ನಡಕದ ಕಾಲು ಸಡಿಲವಾಗಿರುತ್ತದೆ, ಬರುವಾಗ ತಾ. ಕೋಪ ಎಷ್ಟಿದ್ದರೂ ನೀನು ಚೆನ್ನಾಗಿರು.

ನಿನ್ನ ಅಕ್ಕ

ಮರೆತದ್ದು: ಇವತ್ತು ಶನಿವಾರ. ಲಕೋಟೆ ಅಂಟಿಸುವ ಮುಂಚೆ ನಿನ್ನ ಲೆಕ್ಕವನ್ನು ಮತ್ತೊಮ್ಮೆ ಓದಿದೆ. ಕೊನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದ ಟಿಪ್ಪಣಿ: "ಅಂಗಡಿ ಮಾಲಕಿಯ ಆರೋಗ್ಯದ ಕಾರಣ ಅವಧಿ ಎರಡು ವರ್ಷ." ಅದನ್ನೇ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆ. "ಏಪ್ರಿಲ್‌ನಲ್ಲೇ ರಿಪೋರ್ಟ್ ಕೊಟ್ಟಾಗ ನಿಮ್ಮ ತಮ್ಮನಿಗೆ ಎಲ್ಲಾ ಹೇಳಿದ್ನಲ್ಲಾ?" ಅಂದರು. ನೀನು ನನಗೆ ಹೇಳಿದ್ದು ರಕ್ತ ಕಡಿಮೆಯಿದೆ ಅಂತ. ಲೆಕ್ಕದ ಪುಸ್ತಕಕ್ಕೆ ನಿಜ ಹೇಳಿದೆ, ಬ್ಯಾಂಕಿಗೆ ಹೇಳಿದೆ, ನನಗೆ ಟಾನಿಕ್ ತಂದುಕೊಟ್ಟೆಯಲ್ಲೋ! ಕತ್ತಲೆ ಕೋಣೆಗೆ ಒಂಬತ್ತು ವರ್ಷ ಅಂತಲೇ ಬರೆ. ಉಳಿದ ಏಳು ವರ್ಷ ಅಲ್ಲಿ ಯಾರು ಕೂರಬೇಕೆಂದು ನಾನೇ ಹೇಳುತ್ತೇನೆ. ಈ ಕಾಗದ ಸಿಕ್ಕ ದಿನವೇ ಬಾ. ನನ್ನ ಮುಖ ನೋಡಿಕೊಂಡು ಒಂದು ಸಲ ಬಾಯಿಬಿಟ್ಟು ಹೇಳು.