ಸಾಕು ಎನ್ನುವ ಕಿವಿ

ಫೆಬ್ರವರಿ 4, ಬೆಳಿಗ್ಗೆ 7

ಚೋಕ್ ಎಳೆದು ಎರಡು ಸಲ ಸೆಲ್ಫ್ ಹೊಡೆದೆ. ಮೂರನೆಯದಕ್ಕೆ ಎದ್ದಳು. ನನಗಿಂತ ಹನ್ನೆರಡೇ ವರ್ಷ ಚಿಕ್ಕ ಕಾರು. ಬೆಳಗಿನ ಚಳಿಗೆ ಇಬ್ಬರೂ ಒಂದೇ ಥರ ಕೆಮ್ಮುತ್ತೇವೆ. ಹೆಂಡತಿ ಅದನ್ನು ಸವತಿ ಎನ್ನುತ್ತಾಳೆ.

ಪಕ್ಕದಲ್ಲಿ ಮಗಳ ಹೊಸ ಕಾರು. ಕಾರಲ್ಲ ಅದು, ಕ್ಲಾಸ್ ಟೀಚರು. ಬೆಲ್ಟ್ ಹಾಕು, ಬಾಗಿಲು ಮುಚ್ಚು, ಗೆರೆ ದಾಟಬೇಡ. ಫ್ಯಾನ್ ಕಮ್ಮಿ ಮಾಡಲು ಪರದೆ ಒತ್ತಬೇಕು, ಅದರೊಳಗೆ ಇನ್ನೊಂದು ಪರದೆ… ಅಷ್ಟರಲ್ಲಿ ನೆಗಡಿಯೇ ಬಂದಿರುತ್ತದೆ. ನನ್ನದರಲ್ಲಿ ಒಂದು ಗುಂಡಿ ಇದೆ, ತಿರುಗಿಸಿದರೆ ಆಯಿತು. ಹೊಸದರ ಬಾನೆಟ್ ಎತ್ತಿದರೆ ಎಂಜಿನ್ನೇ ಕಾಣಿಸುವುದಿಲ್ಲ, ಮೇಲೆ ಪ್ಲಾಸ್ಟಿಕ್ ಮುಚ್ಚಳ. ಅದೇನು ಮುಚ್ಚಿಡುವಂಥ ತಪ್ಪು ಮಾಡಿದ್ದಾರೋ.

ಇಪ್ಪತ್ತಕ್ಕೆ ಹಳೇ ಕಾರಿನ ಫಿಟ್ನೆಸ್ ತಪಾಸಣೆ. ಹೊಗೆ ಮಿತಿಯೊಳಗೆ ಇರಬೇಕು. ಎರಡು ಸಲ ಫೇಲಾದರೆ ಗಾಡಿ ಗುಜರಿಗೆ ಎಂದು ನೋಟಿಸಿನಲ್ಲಿ ಬರೆದಿದ್ದಾರೆ. ಬರೆಯಲಿ. ನನ್ನ ಕಿವಿ ಇರುವವರೆಗೆ ಫೇಲಾಗುವ ಮಾತಿಲ್ಲ.

ಫೆಬ್ರವರಿ 7

ತಲೆ ಕೆಟ್ಟುಹೋಗಿದೆ. ಮಗಳ ಕಾರನ್ನು ರಿವರ್ಸ್ ತೆಗೆಯುವಾಗ ಗೇಟಿನ ಕಂಬಕ್ಕೆ ಗುದ್ದಿದೆ. ಹಿಂದೆ ನೋಡಲು ಮುಂದಿನ ಪರದೆ ನೋಡಬೇಕಂತೆ — ಇದಾವ ನ್ಯಾಯ. ನಾನು ಕತ್ತು ತಿರುಗಿಸಿಯೇ ತೆಗೆದೆ. ಏನಾದರೂ ಅಡ್ಡ ಬಂದರೆ ಅದೇ ಕೂಗುತ್ತದಂತೆ. ಕೂಗಲಿಲ್ಲ.

“ಅಪ್ಪ, ಅದು ಬಡ್ಕೋತಾ ಇತ್ತು. ಅಡುಗೆಮನೇಲಿದ್ದ ನಂಗೇ ಕೇಳಿಸ್ತು.”

“ಒಳಗೇ ಕೂತಿದ್ದೋನಿಗೆ ಕೇಳಿಸ್ಲಿಲ್ಲ ಅಂದ್ರೆ ಅದು ಕೂಗಿಲ್ಲ ಅಂತ್ಲೇ ಅರ್ಥ.”

ಹೆಂಡತಿ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ರೀ, ಟಿವಿ ಬೇರೆ ಪಕ್ಕದ ಮನೆಯವ್ರಿಗೂ ಸೇರಿಸಿ ಹಾಕ್ತೀರ. ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ.”

ಈಗಿನವರು ಬಾಯಿ ಬಿಟ್ಟು ಮಾತಾಡುವುದಿಲ್ಲ, ಬರೀ ಗೊಣಗುತ್ತಾರೆ. ಅದಕ್ಕೆ ನನ್ನ ಕಿವಿ ಏಕೆ ತೋರಿಸಬೇಕು?

ಫೆಬ್ರವರಿ 10

ಮಗಳ ಕಾರಿನ ಸರ್ವಿಸ್ ಸೆಂಟರ್. ಸೋಫಾ, ಕಾಫಿ ಮಷಿನ್, ಗಾಜಿನ ಬಾಗಿಲು. ಎಲ್ಲೂ ಒಂದು ಗ್ರೀಸಿನ ಕಲೆ ಇಲ್ಲ. ಟೈ ಕಟ್ಟಿದ ಅಡ್ವೈಸರ್ ಒಂದು ವೈರ್ ಸಿಕ್ಕಿಸಿ ಲ್ಯಾಪ್‌ಟಾಪ್ ನೋಡಿದ. ಕಾರನ್ನು ನೋಡಲಿಲ್ಲ. “ಸೆನ್ಸರ್ ಪರ್ಫೆಕ್ಟಾಗಿದೆ ಸರ್” ಎಂದ.

ಗಾಡಿಯ ಕಾಯಿಲೆಯನ್ನು ಕಿವಿಯಿಂದ ಕಂಡುಹಿಡಿಯಬೇಕು, ಕಂಪ್ಯೂಟರಿನಿಂದಲ್ಲ ಎಂದು ಹತ್ತು ನಿಮಿಷ ಹೇಳಿದೆ. ಅವನು ಫೋನ್ ಒತ್ತುತ್ತಿದ್ದ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಫೆಬ್ರವರಿ 15

ಮೇಸ್ತ್ರಿಯ ಗ್ಯಾರೇಜು. ಇಪ್ಪತ್ತೇಳು ವರ್ಷದಿಂದ ನಮ್ಮದು ಒಂದೇ ಪದ್ಧತಿ. ಎಂಜಿನ್ ಬಿಸಿಯಾದ ಮೇಲೆ ಅವನು ಕಾರ್ಬುರೇಟರಿನ ಸ್ಕ್ರೂ ತಿರುಗಿಸುತ್ತಾನೆ. ನಾನು ಮೂರು ಹೆಜ್ಜೆ ಹಿಂದೆ ಕಣ್ಣು ಮುಚ್ಚಿ ನಿಲ್ಲುತ್ತೇನೆ. ಪೆಟ್ರೋಲು, ಗಾಳಿ ಹದವಾಗಿ ಬೆರೆತ ಕ್ಷಣ ಉಬ್ಬಸ ನಿಂತು ಉಸಿರು ಸರಾಗವಾಗುತ್ತದೆ. ಆಗ ‘ಸಾಕು’ ಎನ್ನಬೇಕು. ಸ್ಕ್ರೂ ಹಿಡಿದವನ ಕಿವಿ ತನ್ನ ಕೈಯ ಪರವೇ ಸಾಕ್ಷಿ ಹೇಳುತ್ತದಂತೆ, ಅದಕ್ಕೆ ಇನ್ನೊಬ್ಬ ಬೇಕು ಎನ್ನುತ್ತಾನೆ ಅವನು.

ಸಾಕು ಎಂದೆ. ಕಣ್ಣು ಬಿಟ್ಟರೆ ಅವನ ಸ್ಕ್ರೂಡ್ರೈವರ್ ಮತ್ತೆ ಅಲ್ಲೇ ಇದೆ.

“ಸಾಕು ಅಂದ್ನಲ್ಲ.”

“ಇಲ್ಲ ಸಾರ್, ಸುಮ್ನೆ ಒಂದು…”

“ಸಾಕು ಅಂದ್ರೆ ಸಾಕು. ಕೈ ತೆಗಿ.”

ತೆಗೆದ. ಚಿಂದಿಗೆ ಕೈ ಒರೆಸಿಕೊಂಡ. ಇವನಿಗೂ ವಯಸ್ಸಾಯಿತು ಅಂತ ಕಾಣುತ್ತದೆ.

ಫೆಬ್ರವರಿ 20

ಫೇಲ್.

ಹೊಗೆ ಮಿತಿಗಿಂತ ಜಾಸ್ತಿ, ಪೆಟ್ರೋಲು ಹೆಚ್ಚಾಗಿ ಬೆರೆಯುತ್ತಿದೆ ಎಂದು ಚೀಟಿ ಕೊಟ್ಟರು. ಸೈಲೆನ್ಸರಿಗೆ ಕೊಳವೆ ತೂರಿಸಿ ಒಂದು ಡಬ್ಬಿ ಹೇಳಿದ್ದನ್ನು ನಂಬುತ್ತಾರೆ, ನನ್ನನ್ನು ನಂಬುವುದಿಲ್ಲ. ಡಬ್ಬಿಯೇ ಕೆಟ್ಟಿರಬೇಕು ಎಂದೆ. ನನ್ನ ಹಿಂದೆ ನಿಂತಿದ್ದ ಲಾರಿ ಡ್ರೈವರ್ ನಕ್ಕ. ಮಾರ್ಚ್ ಆರಕ್ಕೆ ಇನ್ನೊಂದು ಸಲ. ಅದೇ ಕೊನೆ.

ಫೆಬ್ರವರಿ 21

ಬರೆಯುವಂಥದ್ದೇನೂ ಇಲ್ಲ.

ಫೆಬ್ರವರಿ 27

ಜಗಳ ಆಡಬೇಕೆಂದೇ ಮೇಸ್ತ್ರಿಯ ಹತ್ತಿರ ಹೋದೆ. ಸ್ಟೂಲ್ ಎಳೆದು ಕೂರಿಸಿದ. ಎದುರಿಗೆ ಟಯರಿನ ಮೇಲೆ ತಾನೂ ಕೂತ.

“ಬೈಕೋಬೇಡಿ ಸಾರ್. ಮೂರು ವರ್ಷದಿಂದ, ನೀವು ಸಾಕು ಅಂದ ಮೇಲೆ ನಾನು ಇನ್ನೂ ಅರ್ಧ ಸುತ್ತು ತಿರುಗಿಸ್ತಿದ್ದೆ. ನೀವು ಹೋಗಿ ಸೀಟಲ್ಲಿ ಕೂತ್ಕೊಳ್ಳೋ ಹೊತ್ತಿಗೆ ಮುಗಿಸ್ಬಿಡ್ತಿದ್ದೆ. ಈ ಸಲ ನೀವು ಬಿಡ್ಲಿಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೆಂಗ್ ಹೇಳ್ಲಿ ಸಾರ್. ನಂಗೆ ಕೇಳೋದು ಕಲಿಸಿದ್ದೇ ನೀವು.”

ಸಿಟ್ಟು ಬರಲೇ ಇಲ್ಲ. ನಾಚಿಕೆಯಾಯಿತು. ಮೂರು ವರ್ಷ ಕಣ್ಣು ಮುಚ್ಚಿ ನಿಂತು ಸಾಕು ಸಾಕು ಎಂದಿದ್ದೇನೆ, ಇವನು ನನ್ನ ಮರ್ಯಾದೆ ಉಳಿಸುತ್ತಾ ಬಂದಿದ್ದಾನೆ. ಅಂಥವನಿಗೆ ‘ಕೈ ತೆಗಿ’ ಎಂದೆ.

ಮಾರ್ಚ್ 2

ಕಿವಿ ಡಾಕ್ಟರ್. ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಶಬ್ದ ಬಂದಾಗ ಬಟನ್ ಒತ್ತಿ ಎಂದರು. ಬಹಳ ಹೊತ್ತು ಶಬ್ದ ಬರಲಿಲ್ಲ. ಆಮೇಲೆ ಗೊತ್ತಾಯಿತು, ಬರುತ್ತಲೇ ಇತ್ತು. ದಪ್ಪ ಶಬ್ದ ಸರಿಯಾಗಿ ಕೇಳುತ್ತದೆ, ತೆಳು ಶಬ್ದವೆಲ್ಲ ಹೋಗಿದೆ. ಎಂಜಿನ್ನಿನ ಗುಡುಗು ನನಗೆ, ಉಬ್ಬಸ ಉಳಿದವರಿಗೆ. ಮಷಿನ್ ಹಾಕಿಕೊಂಡರೂ ಮೊದಲಿನ ಕಿವಿ ಬರುವುದಿಲ್ಲವಂತೆ.

ಮಗಳ ಕಾರು ಕೂಗಿತ್ತು. ಒಪ್ಪಿಕೊಂಡೆ. ಆದರೂ ಫ್ಯಾನಿಗೆ ಒಂದು ಗುಂಡಿ ಇಡಬೇಕಿತ್ತು.

ಮಾರ್ಚ್ 5, ಬೆಳಿಗ್ಗೆ 10.30, ಗ್ಯಾರೇಜು

ನಾಳೆ ತಪಾಸಣೆ. ಮಗಳು ರಜೆ ಹಾಕಿ ಬಂದಿದ್ದಾಳೆ. ಎಂಜಿನ್ ಬಿಸಿಯಾಗುತ್ತಿದೆ. ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ.

“ಏನು ಕೇಳಿಸ್ಕೋಬೇಕಪ್ಪ?”

“ನೀನು ಚಿಕ್ಕವಳಿದ್ದಾಗ ದಮ್ಮು ಬರೋದಲ್ಲ, ಔಷಧಿ ಹಾಕಿದ್ಮೇಲೆ ಉಸಿರು ಬಿಡ್ತಿದ್ಯಲ್ಲ, ಹಾಗೆ. ಅದು ಬಂದ ತಕ್ಷಣ ಸಾಕು ಅನ್ನು. ಮೊದಲೂ ಅಲ್ಲ, ಆಮೇಲೂ ಅಲ್ಲ.”

“ತಪ್ಪಾದ್ರೆ ನಿನ್ನ ಗಾಡಿ ಹೋಗತ್ತೆ.”

“ನಾನು ತಪ್ಪಿದ್ರೂ ಹೋಗತ್ತೆ.”

ನಾನು ನಿಲ್ಲುತ್ತಿದ್ದ ಜಾಗಕ್ಕೇ ಹೋಗಿ ನಿಂತಳು. ಮೂರು ಹೆಜ್ಜೆ ಹಿಂದೆ ಎಂದು ನಾನು ಹೇಳಿಕೊಟ್ಟಿರಲಿಲ್ಲ, ಎಂದೋ ನೋಡಿರಬೇಕು. ಕಣ್ಣು ಮುಚ್ಚಿದಳು. ಮೇಸ್ತ್ರಿ ನನ್ನ ಕಡೆ ನೋಡಿದ. ತಲೆ ಆಡಿಸಿದೆ. ತಿರುಗಿಸುತ್ತಿದ್ದಾನೆ, ಕಾಲು ಸುತ್ತು. ಇನ್ನೊಂದು ಕಾಲು. ನನಗೆ ಬರೀ ಗುಡುಗು. ಅವಳ ದನಿ ಮೊದಲೇ ತೆಳು, ಈ ಸದ್ದಿನಲ್ಲಿ ಸಾಕು ಎಂದರೂ ನನಗೆ ಕೇಳಿಸುವುದಿಲ್ಲ. ಬರೆಯುತ್ತಾ ಕೂತರೆ ತಪ್ಪಿಹೋಗುತ್ತದೆ, ಅವಳ ತುಟಿಯನ್ನೇ ನೋಡ—