ಮೊದಲ ಬಾಸ್ಕೆಟ್ ಬೀಳುವ ತನಕ ಕೂರುವವರಲ್ಲ ನಾವು

ನಮ್ಮ ಕಾಲೇಜಿನ ಮಾನ್ಯ ಕ್ರೀಡಾ ನಿರ್ದೇಶಕರೇ,

ಬಾಸ್ಕೆಟ್‌ಬಾಲ್ ಪ್ರೇಕ್ಷಕರು ಆರೋಗ್ಯದ ಹಿತದೃಷ್ಟಿಯಿಂದ ಇನ್ನು ಮುಂದೆ ಆಟದ ಆರಂಭದಲ್ಲೇ ಕುಳಿತುಕೊಳ್ಳಬಹುದೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ನಮ್ಮ ಮಂಡಿಗಳ ಮೇಲೆ ತಮಗೆ ಎಂಥ ಕರುಣೆ! ನಮ್ಮ ತಂಡ ಮೊದಲ ಬಾಸ್ಕೆಟ್ ಹಾಕುವವರೆಗೆ ಊರಿಗೆ ಊರೇ ಎದ್ದು ನಿಂತಿರುವುದು ನಮ್ಮತ್ತೆಯ ಕಾಲದಿಂದ ಬಂದ ಪದ್ಧತಿ. ಆಗೆಲ್ಲ ಕೋಟಿನ ಗುಂಡಿ ಬಿಚ್ಚುವಷ್ಟರಲ್ಲಿ ಚೆಂಡು ಒಳಗೆ ಬಿದ್ದಿರುತ್ತಿತ್ತು. ಈಗ ಪಾಪ್‌ಕಾರ್ನ್ ಮುಗಿದರೂ ಬೀಳುವುದಿಲ್ಲ. ಇದಕ್ಕೆ ತಾವು ಕಂಡುಕೊಂಡ ಪರಿಹಾರ ಆಟಗಾರರನ್ನು ತರುವುದಲ್ಲ, ನಮ್ಮನ್ನು ಕೂರಿಸುವುದು!

ಟಿವಿಯವರು ಹಣ ಸುರಿಯುವುದು ಹೆಲ್ಮೆಟ್ ತೊಟ್ಟು, ಚೆಂಡನ್ನು ಅಪ್ಪಿಕೊಂಡು ಓಡುವ ನಮ್ಮ ಫುಟ್‌ಬಾಲ್‌ಗೆ, ಒಪ್ಪಿದೆ. ಆದರೆ ಅದು ಗೆಲ್ಲುವ ಕಾಲೇಜುಗಳ ಮಾತು. ನಮ್ಮ ಹೆಲ್ಮೆಟ್ ವೀರರು ಹೋದ ವರ್ಷ ಗೆದ್ದದ್ದು ಟಾಸ್ ಒಂದನ್ನೇ. ಆಟಗಾರರಿಗೆ ಕಾಲೇಜೇ ಹಣ ಕೊಡಬಹುದು ಎಂದಾದ ಮೇಲೆ ಅದರ ಸಿಂಹಪಾಲು ಅವರಿಗೇ ಹೋಯಿತು. ಆಗೊಮ್ಮೆ ಈಗೊಮ್ಮೆ ಚೆಂಡು ಒದೆಯುವುದಕ್ಕೆಂದೇ ಮೂವರಿದ್ದಾರೆ! ಕೆಲಸದಿಂದ ತೆಗೆದುಹಾಕಿದ ಅವರ ತರಬೇತುದಾರ, ಕರಾರು ಮುಗಿದಿಲ್ಲವೆಂದು, ಮನೆಯಂಗಳದ ಹುಲ್ಲು ಕತ್ತರಿಸಿಕೊಂಡು ಇನ್ನೂ ಸಂಬಳ ಪಡೆಯುತ್ತಿದ್ದಾನೆ. ಕೆಲಸ ಮಾಡದಿರುವುದಕ್ಕೂ ಸಂಬಳವುಂಟು ಎಂದಾದರೆ ನಾನೂ ಅರ್ಜಿ ಹಾಕಲೇ?

ಇತ್ತ ನಮ್ಮ ಬಾಸ್ಕೆಟ್‌ಬಾಲ್ ತಂಡದ ಜೀವವಾಗಿದ್ದ ಡೇರಿಯನ್ ಪಕ್ಕದ ರಾಜ್ಯದ ಕಾಲೇಜಿಗೆ ಹೊರಟ. ಹೋಗುವ ಮುನ್ನ ಬಂದು, ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತ.

"ಬೈಬೇಡಿ ಅಜ್ಜಿ. ಅಮ್ಮ ಎರಡು ಕಡೆ ದುಡೀತಾಳೆ. ಇಲ್ಲಿ ಕೊಡೋದ್ರಲ್ಲಿ ಒಂದು ಕಡೆಯ ಕೆಲ್ಸಾನೂ ಬಿಡಿಸೋಕಾಗಲ್ಲ."

"ಹೋಗಿ ಬಾ ಮಗನೇ. ನಮ್ಮ ವಿರುದ್ಧ ಮಾತ್ರ ಜಾಸ್ತಿ ಬಾಸ್ಕೆಟ್ ಹಾಕ್ಬೇಡ," ಎಂದೆ. ಸಿಟ್ಟು ಬಂತು, ಆದರೆ ಅವನ ಮೇಲಲ್ಲ.

ಕಳೆದ ಪಂದ್ಯದ ಕಥೆ ಕೇಳಿ. ಎದುರಾಳಿಗಳು ಹಾಕುತ್ತಲೇ ಇದ್ದರು, ನಾವು ನಿಂತೇ ಇದ್ದೆವು. ನನ್ನ ಎಡಗಡೆಯ ಸೀಟಿನ ಮರ್ಲ್‌ಗೆ ಸೊಂಟನೋವು.

"ಲೊರೀನ್, ಒಂಚೂರು ಕೂತ್ರೆ ಯಾರ್ ನೋಡ್ತಾರೆ?"

"ನಾನು ನೋಡ್ತೀನಿ," ಎಂದೆ.

"ನೀನೊಬ್ಳು ಪೊಲೀಸು!"

ಎದುರಾಳಿ ತಂಡದ ಹುಡುಗನೊಬ್ಬ ನಮ್ಮತ್ತ ತಿರುಗಿ ನೋಡಿದ. ಮರುಕ್ಷಣ ನಮ್ಮವರು ಎಸೆದು ರಿಂಗಿಗೆ ಬಡಿದು ಪುಟಿದ ಚೆಂಡನ್ನು ತಾನೇ ತಟ್ಟಿ ಒಳಗೆ ಹಾಕಿಬಿಟ್ಟ, ನಮ್ಮ ಲೆಕ್ಕಕ್ಕೆ! ಕೈತಪ್ಪಿ ಬಿತ್ತೆಂದುಕೊಂಡು ಅವನ ತರಬೇತುದಾರ ಬಾಯಿಗೆ ಬಂದಂತೆ ಬೈದ. ಹುಡುಗ ಮಾತ್ರ ನನಗೆ ಕಣ್ಣು ಮಿಟುಕಿಸಿದ. ಸಭಾಂಗಣದಲ್ಲಿ ಜಗಳವೇ ಹತ್ತಿತು: ನಾವು ಕೂರುವುದಕ್ಕೆ ಇದು ಲೆಕ್ಕಕ್ಕುಂಟೋ ಇಲ್ಲವೋ? ಮರ್ಲ್ "ದೇವ್ರೇ ಕಳಿಸಿದ್ದು" ಎಂದು ದೊಪ್ಪನೆ ಕೂತ. ನಾನು ಕೂರಲಿಲ್ಲ. ಅದು ನಮ್ಮ ಹುಡುಗರು ಹಾಕಿದ್ದಲ್ಲವಲ್ಲ, ಸ್ವಾಮಿ! ಎದುರಾಳಿಗಳು ಭಿಕ್ಷೆ ಹಾಕುವ ಮಟ್ಟಕ್ಕೆ ನಮ್ಮನ್ನು ತಂದಿಟ್ಟಿರಲ್ಲ ಎಂದು ಅವಮಾನದಿಂದ ಕಣ್ಣಲ್ಲಿ ನೀರು ಬಂತು.

ಆದ್ದರಿಂದ ತಮ್ಮ ಅಪ್ಪಣೆಯನ್ನು ಹಿಂತೆಗೆದುಕೊಳ್ಳಿ. ಒದೆಯುವ ಮೂವರಲ್ಲಿ ಇಬ್ಬರ ಹಣ ಇತ್ತ ಕೊಟ್ಟು ಡೇರಿಯನ್‌ನನ್ನು ವಾಪಸು ಕರೆಸಿ. ಡಾಕ್ಟರು ನನಗೆ ಹೊಸ ಮಂಡಿ ಹಾಕುತ್ತೇನೆ ಎನ್ನುತ್ತಿದ್ದಾರೆ. ನನಗೆ ಬೇಕಾದದ್ದು ಹೊಸ ಮಂಡಿಯಲ್ಲ, ಚೆಂಡು ಒಳಗೆ ಹಾಕುವ ಹುಡುಗ.

ನಂಬಿಕೆಯಿಲ್ಲದಿದ್ದರೆ ಒಂದು ಸಂಜೆ ತಾವೇ ಬನ್ನಿ. ನನ್ನ ಬಲಗಡೆಯ ಸೀಟು ಖಾಲಿಯಿದೆ. ಅದು ನನ್ನ ಗಂಡ ಆರ್ವಿಲ್‌ನದು. ಅವನು ಹೋದ ಮೇಲೂ ಯಾರಿಗೂ ಬಿಟ್ಟುಕೊಟ್ಟಿಲ್ಲ, ತಮಗಾದರೆ ಕೊಡುತ್ತೇನೆ.

ಆದರೆ ಕೂರುವಂತಿಲ್ಲ.

ಇಂತಿ,
ತಮ್ಮ ಅಪ್ಪಣೆಯ ನಂತರವೂ ನಿಂತೇ ಇರುವ
ಲೊರೀನ್ ಹಾಸ್ಟೆಟ್ಲರ್
ಇಂಡಿಯಾನಾ