ಕುಂಟೆತ್ತು

ಅಂಬೇವಾಡಿ, ದಾಂಡೇಲಿ
೨೪-೬-೧೯೬೩

ಪ್ರೀತಿಯ ಈರಕ್ಕನಿಗೆ,

ನಿನ್ನ ತಂಗಿ ನೀಲಾ ಮಾಡುವ ನಮಸ್ಕಾರ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಅದೂ ಸೊಟ್ಟಪಟ್ಟ. ತಪ್ಪಿದ್ದಲ್ಲಿ ಕೂಡಿಸಿ ಓದಿಕೋ. ಮುಂಡಗೋಡದಿಂದ ನೀನು ಬರೆದ ಪತ್ರಕ್ಕೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಇವರಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಮಳೆ ಹಿಡಿದಿದೆ. ನನ್ನ ಮಗ ಉಳವಪ್ಪನ ಕೆಮ್ಮು ಕಡಿಮೆಯಾಗಿದೆ.

ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ನಾನೇ ಮಾಡಿದೆ. ಇಲ್ಲಿಯ ಕೆಂಪು ಮಣ್ಣು ಬಿರಿಯುತ್ತದೆ. ಅವ್ವ ಮಾಡುತ್ತಿದ್ದಂತೆ ಹತ್ತಿ ಸೇರಿಸಿ ನಾದಿದೆ. ಕಣ್ಣಿಗೆ ಗುಲಗಂಜಿ, ಕೊರಳಿಗೆ ಜೋಳದ ಕಾಳು. ಪಕ್ಕದ ಮನೆಯ ಮರಿಯಾ ಜೋಯಿಡಾ ಕಡೆಯವಳು, ಅವಳಿಗೆ ಈ ಹಬ್ಬ ಗೊತ್ತಿಲ್ಲ. ಅವಳ ಮಗ ಜೇವಿಯರ್ ಮಾತ್ರ ದಿನವಿಡೀ ನನ್ನ ಮುಂದೆ ಕೂತು ಎತ್ತಿಗೆ ಬಾಲ ಹೊಸೆದ. ಸಣ್ಣವನಿದ್ದಾಗ ಜ್ವರ ಬಂದು ಅವನ ಒಂದು ಕಾಲು ಸೊರಗಿದೆ, ಎಳೆದು ನಡೆಯುತ್ತಾನೆ.

ಮರುದಿನ ನಮ್ಮೂರಿನಂತೆ ಒಂದು ಎತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆ ಎಂದು ಮನೆಮನೆಗೆ ಜೋಳ ಬೇಡಲು ಹುಡುಗರನ್ನು ಕಳಿಸಿದೆ. ಎತ್ತು ಹಿಡಿದವನೇ ಮುಂದಾಳು ಅಲ್ಲವೇ, ಅದನ್ನು ಜೇವಿಯರ್ ಕೈಯಲ್ಲಿ ಕೊಟ್ಟೆ. ಹಿಗ್ಗಿ ಎಲ್ಲರಿಗಿಂತ ಮುಂದೆ ಹೋದ. ಆಮೇಲಿನದು ಉಳವಪ್ಪ ಬಂದು ಹೇಳಿದ್ದು. ಟೇಲರ್ ಗೂಳಪ್ಪ ಬಾಗಿಲಲ್ಲಿ ನಿಂತು, “ಎತ್ತೂ ಕುಂಟು, ಹಿಡದಾಂವನೂ ಕುಂಟು. ಜೋಡಿ ಛಲೋ ಕೂಡೇತಿ ಬಿಡು” ಎಂದನಂತೆ. ನಮ್ಮ ಸಾಲುಮನೆಯವರೆಲ್ಲ ನಕ್ಕರಂತೆ. ಎತ್ತಿಗೇ ನಗುತ್ತಿದ್ದಾರೆಂದು ತಿಳಿದು ಜೇವಿಯರ್ ಕೂಡ ನಕ್ಕನಂತೆ. ತನಗೇ ನಕ್ಕದ್ದೆಂದು ಗೊತ್ತಾದ ಮೇಲೆ ಎತ್ತನ್ನು ಅಂಗಿಯೊಳಗೆ ಮುಚ್ಚಿಕೊಂಡು ಮನೆಗೆ ಹೋದನಂತೆ.

ಸಂಜೆ ಮರಿಯಾ ಬಂದು ಎತ್ತನ್ನು ನನ್ನ ಹೊಸ್ತಿಲ ಮೇಲಿಟ್ಟಳು. ಇದು ನಮ್ಮ ಪದ್ಧತಿ, ಹಿಡಿಯುವುದೇ ಮಾನ ಎಂದೆಲ್ಲ ತಿಳಿಸಿದೆ. ಅವಳು ಜಗಳ ಮಾಡಲಿಲ್ಲ.

“ಮಾನ ಇದ್ರ ನಿನ್ನ ಮಗನ ಕೈಯಾಗ ಯಾಕ ಕೊಡಲಿಲ್ಲ, ನೀಲಕ್ಕಾ?” ಎಂದಳು.

ಅಂದಿನಿಂದ ಅವಳು ನಳಕ್ಕೆ ಬಂದರೆ ನಾನು ಖಾಲಿ ಕೊಡ ಹಿಡಿದು ಒಳಗೆ ಬಂದುಬಿಡುತ್ತೇನೆ.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ನನ್ನ ಆಶೀರ್ವಾದ. ಅವರ ಕೈಕಾಲು ಗಟ್ಟಿಯಿರಲಿ.

ನಿನ್ನ
ನೀಲಾ

ತಾ.ಕ.: ಅಕ್ಕಾ, ಮೇಲೆ ಪೂರ್ತಿ ಬರೆಯಲಿಲ್ಲ. ಕುಂಟೆತ್ತನ್ನು ಮೊದಲು ಉಳವಪ್ಪನೇ ಕೇಳಿ ತೆಗೆದುಕೊಂಡಿದ್ದ. ಕಾಲು ಮುರಿದ ಎತ್ತನ್ನು ಅವನ ಕೈಯಲ್ಲಿ ನೋಡಿ ನನಗೆ ಅಪಶಕುನವೆನಿಸಿತು. ಕಸಿದುಕೊಂಡು ಜೇವಿಯರ್‌ಗೆ ಕೊಟ್ಟೆ. ಇವನ ಕಾಲು ಮೊದಲೇ ಹೋಗಿದೆ, ಇವನಿಗೆ ಇನ್ನೇನಾಗುವುದಿದೆ ಎಂದುಕೊಂಡೆ. ಇವತ್ತು ಬೆಳಿಗ್ಗೆ ಕುಂಟೆತ್ತನ್ನು ಉಳವಪ್ಪನ ಕೈಯಲ್ಲಿಟ್ಟು, ಅದರ ಜೋಡಿಯ ನಾಲ್ಕು ಕಾಲಿನ ಎತ್ತನ್ನು ಜೇವಿಯರ್‌ಗೆ ಕೊಡು ಎಂದು ಮರಿಯಾಳ ಬಾಗಿಲಿಗೆ ಕಳಿಸಿದೆ.